ನಮ್ಮ ಐಲ್ಯಾಂಡಿನ ಎಕ್ಸ್‌ಚೇಂಜ್ ಆಂಟಿ

ನಮ್ಮ ಮನೆಯ ಲ್ಯಾಂಡ್‌ಲೈನ್ ಫೋನ್ ತೆಗೆಸೋಣ ಅಂದರೆ ಅತ್ತೆ ಇನ್ನೂ ಒಪ್ಪಿಲ್ಲ. ಮನೆಯಲ್ಲಿ ಮೂರು ಮೊಬೈಲ್ ಇವೆ. ಆ ಹಳೇ ಫೋನಿಗೆ ಬರುತ್ತಿದ್ದದ್ದು ಒಬ್ಬರ ಕರೆ ಮಾತ್ರ, ಆ ಒಬ್ಬರೂ ಹೋದ ತಿಂಗಳು ತೀರಿಕೊಂಡರು. ತಮಾಷೆ ನೋಡಿ, ಅವರ ಮನೆ ಇದ್ದದ್ದು ನಮ್ಮ ಮನೆಯ ಎದುರಿಗೇ. ಬಾಗಿಲಲ್ಲಿ ನಿಂತು ಕೂಗಿದರೆ ಅಡುಗೆಮನೆಗೆ ಕೇಳಿಸುವಷ್ಟು ಹತ್ತಿರ. ಆದರೂ ಫೋನೇ ಮಾಡುವರು. ನಾನು ಎತ್ತಿಕೊಂಡರೆ, "ನಮಸ್ಕಾರ, ನಿಮ್ಮ ಅತ್ತೆಯವರಿಗೆ ಒಂದು ಕರೆ ಇದೆ, ದಯವಿಟ್ಟು ಲೈನಿನಲ್ಲಿರಿ" ಅನ್ನುವರು. ನಾನು ಅತ್ತೆಯನ್ನು ಕರೆದು ಫೋನ್ ಕೊಟ್ಟರೆ ಆ ಕಡೆಯಿಂದ ಮಾತಾಡುವವರೂ ಅವರೇ. ಮಾತಾದರೂ ಏನು, ಹುಣಸೆಹಣ್ಣಿನ ಗೊಜ್ಜು ಮಾಡಿದ್ದೀನಿ, ಪಾತ್ರೆ ತಗೊಂಡು ಬಾ, ಅಷ್ಟೆ.

ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಇಡೀ ಪ್ರಾಯವನ್ನು ಊರೂರಿನವರ ಲೈನು ಜೋಡಿಸುವುದರಲ್ಲೇ ಕಳೆದವರು. ಬೀದಿಯವರಿಗೆಲ್ಲ ಅವರು ಎಕ್ಸ್‌ಚೇಂಜ್ ಆಂಟಿ. ಅವರಿಗೆ ಎರಡು ಗಂಟಲು ಇದ್ದವು. ಮನೆಯ ಗಂಟಲು ಒರಟು, ತರಕಾರಿ ಗಾಡಿಯವನು ಬೀದಿಯ ಆ ತುದಿಯಲ್ಲೇ ಗಾಡಿ ನಿಲ್ಲಿಸಿಬಿಡಬೇಕು ಹಾಗೆ. ಫೋನಿನ ಗಂಟಲು ಮಾತ್ರ ಜೇನುತುಪ್ಪ. ಆ ಜೇನುತುಪ್ಪಕ್ಕೇ ನಮ್ಮ ಬೀದಿ ಹೆದರುತ್ತಿದ್ದದ್ದು.

ಯಾಕೆ ಹೆದರುತ್ತಿತ್ತು ಅಂತ ಹೇಳಬೇಕಾದರೆ ಮೊದಲು ಐಲ್ಯಾಂಡಿನ ಕಥೆ ಹೇಳಬೇಕು.

ಬಸವೇಶ್ವರನಗರದ ನಮ್ಮ ಭಾಗದಲ್ಲಿ ಮೂರು ಅಡ್ಡರಸ್ತೆಗಳು ಕೂಡುವ ಕಡೆ ಒಂದು ತ್ರಿಕೋನದ ಜಾಗ ಉಳಿದಿದೆ. ಸುತ್ತಲೂ ಕಲ್ಲಿನ ಅಂಚು ಕಟ್ಟಿ, ನಡುವೆ ಮಣ್ಣು ತುಂಬಿದ್ದಾರೆ. ಲೇಔಟ್ ಮಾಡಿದ ಇಂಜಿನಿಯರ್ ನಕ್ಷೆಯಲ್ಲಿ ಟ್ರಾಫಿಕ್ ಐಲ್ಯಾಂಡ್ ಅಂತ ಬರೆದಿದ್ದನಂತೆ, ಆ ಹೆಸರೇ ನಿಂತುಬಿಟ್ಟಿತು. ಆಟೋದವರಿಗೂ ನಾವು ಐಲ್ಯಾಂಡ್ ಹತ್ತಿರ ನಿಲ್ಲಿಸಪ್ಪ ಅನ್ನುವುದು. ಅದರ ನಡುವೆ ಒಂದು ಸಂಪಿಗೆ ಮರ. ಆಂಟಿ ಮತ್ತು ಅವರ ಯಜಮಾನರು ಹೊಸ ಮನೆಗೆ ಬಂದ ವಾರದಲ್ಲೇ ನೆಟ್ಟಿದ್ದು. ಆಗ ಸುತ್ತ ಮುತ್ತ ಇನ್ನೂ ಖಾಲಿ ಸೈಟುಗಳೇ. ದಿನಾ ಸಾಯಂಕಾಲ ಯಜಮಾನರು ಬಿಂದಿಗೆಯಲ್ಲಿ ನೀರು ಹೊತ್ತು ಹಾಕುತ್ತಿದ್ದರಂತೆ.

ಆ ಯಜಮಾನರು ಒಬ್ಬ ಮಗನನ್ನು ಬಿಟ್ಟು ಬೇಗ ಹೋಗಿಬಿಟ್ಟರು. ಆಂಟಿ ಅವರನ್ನು ನೆನೆದು ಅತ್ತಿದ್ದನ್ನು ನಾನು ಕಂಡಿಲ್ಲ. ಮರದ ಒಂದು ಹೂವನ್ನು ಮಾತ್ರ ತಪ್ಪದೆ ಜಡೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಗಂಡ ಹೋದವಳು ಹೂವು ಮುಡೀತಾಳಲ್ಲ ಅಂತ ಯಾರೋ ಮೂಗಿನ ಮೇಲೆ ಬೆರಳಿಟ್ಟಾಗ, "ಹೂವು ಕೊಡ್ತಾ ಇರೋದೇ ಅವರು, ಬೇಡ ಅನ್ನೋಕಾಗುತ್ತಾ?" ಅಂದಿದ್ದರಂತೆ. ಯಜಮಾನರು ತೀರಿಕೊಂಡ ವರ್ಷ ಗೌರಿಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಅಂತ ಯಾರ ಮನೆಯಿಂದಲೂ ಆಂಟಿಗೆ ಕರೆ ಬಂದಿರಲಿಲ್ಲ. ನಮ್ಮ ಅತ್ತೆ ಒಬ್ಬರೇ ಎದುರುಮನೆಗೆ ಹೋಗಿ ಕೈಹಿಡಿದು ಎಳೆದುಕೊಂಡು ಬಂದು, ಮಣೆ ಹಾಕಿ ಕೂರಿಸಿ, ಎಲ್ಲರ ಮುಂದೆ ಅವರಿಗೇ ಮೊದಲು ತಾಂಬೂಲ ಕೊಟ್ಟರು. ಇದನ್ನು ಅತ್ತೆ ಯಾವತ್ತೂ ಹೇಳಿದವರಲ್ಲ, ನನಗೆ ಹೇಳಿದ್ದು ಆಂಟಿ.

ಇಂಥ ಮರದ ಬುಡಕ್ಕೆ ಬೀದಿಯ ಕಸವೆಲ್ಲ ಬಂದು ಬೀಳುತ್ತಿತ್ತು. ಬೆಳಗ್ಗೆ ಕಸದ ಗಾಡಿ ಬಂದಾಗ ನಮ್ಮವರಿಗೆ ಸ್ನಾನ, ಪೂಜೆ, ಮಕ್ಕಳ ಸ್ಕೂಲ್ ಬಸ್ಸು. ಗಾಡಿ ಹೋದಮೇಲೆ ಕಸದ ಕವರನ್ನು ಸ್ಕೂಟರಿನ ಮುಂದಿನ ಕೊಕ್ಕೆಗೆ ನೇತುಹಾಕಿಕೊಂಡು ಆಫೀಸಿಗೆ ಹೊರಡುವುದು, ಐಲ್ಯಾಂಡ್ ಹತ್ತಿರ ಸ್ವಲ್ಪ ಸ್ಲೋ ಮಾಡುವುದು, ಆ ಕಡೆ ಈ ಕಡೆ ನೋಡುವುದು, ಎಸೆದು ಆಕ್ಸಿಲರೇಟರ್ ತಿರುವುವುದು. ಓದಿದವರೇ ಎಲ್ಲರೂ. ನಮ್ಮ ಮನೆಯವರೂ ಅದರಲ್ಲಿ ಎತ್ತಿದ ಕೈ ಅಂತ ನನಗೆ ಆಮೇಲೆ ಗೊತ್ತಾಯಿತು.

ಮನೆಕಸಕ್ಕಿಂತ ಹೆಚ್ಚಿಗೆ ಬೀಳುತ್ತಿದ್ದದ್ದು ಸಮಾರಂಭದ ಕಸ. ಮದುವೆ, ಮುಂಜಿ, ಗೃಹಪ್ರವೇಶ ಅಂತ ಹೋದವರಿಗೆಲ್ಲ ಕೊನೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಒಂದು ತಾಂಬೂಲದ ಕವರ್ ಕೊಡುತ್ತಾರಲ್ಲ, ಅದರ ಮೇಲೆ ವಧೂವರರ ಹೆಸರನ್ನು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿಸಿರುತ್ತಾರೆ. ಕಾಯಿ ತೆಗೆದುಕೊಂಡು ಕವರನ್ನು ಕಸಕ್ಕೆ ಉಪಯೋಗಿಸುವುದು ನಮ್ಮ ಕಡೆ ಪದ್ಧತಿ. ಅಂಗಡಿಯವನು ಇದು ಪ್ಲಾಸ್ಟಿಕ್ ಅಲ್ಲಮ್ಮ, ಬಟ್ಟೆ ಅನ್ನುತ್ತಾನೆ. ಆಂಟಿ ಅಂಗಡಿಯವನ ಮುಂದೆಯೇ ಬೆಂಕಿಕಡ್ಡಿ ಗೀರಿ ಕವರಿನ ಮೂಲೆಗೆ ಹಿಡಿಯುವರು. ಅದು ಬೂದಿಯಾಗುವ ಬದಲು ಕರಗಿ ಅಂಟಂಟಾಗುವುದು. "ನಿಮ್ಮ ಬಟ್ಟೆ ಯಾಕೋ ಬೆವರ್ತಾ ಇದೆ" ಅಂತ ಹೇಳಿ ಬಂದುಬಿಡುವರು.

ಕವರಿನ ಮೇಲಿನ ಹೆಸರೇ ಅವರಿಗೆ ಆಧಾರ. ಬೆಳಗ್ಗೆ ಎದ್ದು ಐಲ್ಯಾಂಡಿಗೆ ಹೋಗಿ, ಕೋಲಿನಿಂದ ಕೆದಕಿ ಓದಿಕೊಂಡು ಬಂದು ಫೋನಿನ ಮುಂದೆ ಕೂರುವರು.

"ನಮಸ್ಕಾರ. ನಿಮ್ಮ ಮಗಳು ಮತ್ತು ಅಳಿಯಂದಿರು ಐಲ್ಯಾಂಡಿನಲ್ಲಿ ಬಿದ್ದಿದ್ದಾರೆ. ದಯವಿಟ್ಟು ಬಂದು ಕರೆದುಕೊಂಡು ಹೋಗಿ."

ಆ ಕಡೆಯವರು ಗಾಬರಿಯಿಂದ ಓಡಿಬರುತ್ತಿದ್ದರು. ನಾವಲ್ಲಮ್ಮ ಹಾಕಿದ್ದು, ನಮ್ಮ ಮದುವೆಗೆ ಬಂದವರು ಯಾರೋ ಹಾಕಿರಬೇಕು ಅಂತ ಒಬ್ಬರು ವಾದಕ್ಕೆ ನಿಂತರು. ಹಾಕಿದವರ ಹೆಸರು ಕವರಿನ ಮೇಲಿಲ್ಲ ಸಾರ್, ನಿಮ್ಮದೇ ಇರೋದು, ಅಂದರು ಆಂಟಿ. ಆ ಮನುಷ್ಯ ಮಗಳ ಹೆಸರಿಗೆ ಅಂಟಿದ್ದ ಸಾರನ್ನು ಕರ್ಚೀಫಿನಲ್ಲಿ ಒರೆಸಿ, ಮಡಚಿ, ಜೇಬಿಗೆ ಇಟ್ಟುಕೊಂಡು ಹೋದರು. ಮಾಡಿದ್ದುಣ್ಣೋ ಮಹರಾಯ ಅಂತ ನಾವು ಕಿಟಕಿಯಲ್ಲಿ ನಿಂತು ನಗುತ್ತಿದ್ದೆವು.

ಹೀಗೆ ನಗುತ್ತಾ ಇರುವಾಗ ಒಂದು ಆಷಾಢದಲ್ಲಿ ವಾರ್ಡ್ ಆಫೀಸಿನ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಪಾಪ. ಐಲ್ಯಾಂಡನ್ನು ಒಂದು ಸುತ್ತು ಹಾಕಿ, ಜನ ಹೇಗೂ ಇಲ್ಲೇ ಹಾಕುತ್ತಾರೆ, ಇದನ್ನೇ ಕಾಯಂ ಮಾಡಿಬಿಡೋಣ ಅಂದರು. ಸುತ್ತಲಿನ ಬೀದಿಗಳ ಗಾಡಿಗಳೆಲ್ಲ ಇಲ್ಲಿಗೇ ಬಂದು ಕಸವನ್ನು ಲಾರಿಗೆ ತುಂಬಲಿ, ಒಂದು ಶೆಡ್ ಹಾಕಿಸಿದರೆ ಆಯಿತು. ಮರ ಅಡ್ಡ ಬರುತ್ತೆ, ತೆಗೆಸಬೇಕಾಗುತ್ತೆ.

ಆಂಟಿ ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಕುಡಿದು ಮುಗಿಸುವವರೆಗೆ ಕಾದು, ಎಷ್ಟು ದಿನ ಕೊಡ್ತೀರಿ ಅಂತ ಕೇಳಿದರು. ಅವರು ಯೋಚಿಸಿ, ಆಷಾಢ ಮುಗಿಯುವವರೆಗೆ ಕಸ ಬೀಳದಿದ್ದರೆ ಬಿಟ್ಟುಬಿಡ್ತೀನಿ ಅಂದರು. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಸುಲಭವಾಗಲಿ ಅಂತ ಅವರ ಉದ್ದೇಶ. ಈ ನಮ್ಮ ಮಹಾತಾಯಿ ಏನಂದರು ಗೊತ್ತೇ? "ಆಷಾಢದಲ್ಲಿ ಕ್ಲೀನಾಗಿ ಇಡೋದು ಏನು ದೊಡ್ಡಸ್ತಿಕೆ ಸಾರ್. ಶ್ರಾವಣ ಮುಗಿದ ಮಾರನೇ ದಿನ ಬನ್ನಿ."

ಶ್ರಾವಣ ಅಂದರೆ ಹಬ್ಬ, ವ್ರತ, ಸತ್ಯನಾರಾಯಣ ಪೂಜೆ, ಆಷಾಢದಲ್ಲಿ ತಡೆಹಿಡಿದಿದ್ದ ಎಲ್ಲ ಶುಭಕಾರ್ಯ. ನಮ್ಮ ಅತ್ತೆ ಅಲ್ಲೇ ತಲೆ ಚಚ್ಚಿಕೊಂಡರು. ಕೂತಲ್ಲಿ ಕೂರಲಾರದೆ ಇರುವೆ ಬಿಟ್ಟುಕೊಂಡಳಲ್ಲ ಇವಳು ಅಂತ ನನ್ನ ಹತ್ತಿರ ಬೈದರು. ಬೈದು, ಸೀರೆ ಬದಲಾಯಿಸಿ, ಅವರ ಜೊತೆ ಮನೆ ಮನೆಗೆ ಹೊರಟರು.

ಆಂಟಿಯ ಯೋಜನೆ ಬಹಳ ಸರಳ. ಪ್ರತಿ ಮನೆಯ ಅಟ್ಟದಲ್ಲೂ ಮದುವೆ, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದ ಸ್ಟೀಲ್ ಲೋಟ, ತಟ್ಟೆಗಳು ಡಬ್ಬದೊಳಗೇ ಕೂತಿವೆ. ಇಳಿಸಿ ಕೊಡಿ. ಎಲ್ಲವನ್ನೂ ನನ್ನ ಮನೆಯ ಮೆಟ್ಟಿಲ ಕೆಳಗೆ ಇಟ್ಟುಕೊಳ್ಳುತ್ತೀನಿ. ಬೀದಿಯಲ್ಲಿ ಯಾರ ಮನೆಯಲ್ಲಿ ಕಾರ್ಯ ಆದರೂ ಅಲ್ಲಿಗೆ ಹೋಗಲಿ, ಪ್ಲಾಸ್ಟಿಕ್ ಲೋಟವೂ ಬೇಡ, ನೀರಿನ ಪುಟ್ಟ ಬಾಟಲಿಯೂ ಬೇಡ. ತಾಂಬೂಲಕ್ಕೆ ಹಳೇ ಪಂಚೆ, ಸೀರೆ ಹರಿದು ಚೀಲ ಹೊಲಿಯೋಣ. ಇಷ್ಟಾದಮೇಲೂ ಯಾರಾದರೂ ಕವರ್ ಕೊಟ್ಟರೆ ಅವರ ಮನೆ ಕಾರ್ಯಕ್ಕೆ ನಾನು ಬರಲ್ಲ. ಒಬ್ಬಟ್ಟಿನ ಊಟ ಅಂದರೆ ಜೀವ ಬಿಡುವ ಹೆಂಗಸು ಹೀಗೆ ಅಂದಾಗ ಬೀದಿಯವರಿಗೆ ವಿಷಯ ಗಂಭೀರ ಅನ್ನಿಸಿತು.

ಜನ ಅಟ್ಟ ಹತ್ತಿದರು. ಗೋವಿಂದರಾಜನಗರದ ಕಡೆಯ ನಂಟರಿಂದಲೂ ಲೋಟ ತಂದುಕೊಟ್ಟರು. ಕೆಲವು ಡಬ್ಬಗಳನ್ನು ಒಳಗಿನ ಕಾಗದ ಸಹ ಬಿಚ್ಚದೆ ಹಾಗೇ ಕೊಟ್ಟರು. ಅದೇ ಮುಂದೆ ಎಡವಟ್ಟಾಯಿತು.

ವರಮಹಾಲಕ್ಷ್ಮಿ ಹಬ್ಬಕ್ಕೆ ಮೂಲೆಮನೆಯವರು ಇಡೀ ಬೀದಿಯನ್ನು ಊಟಕ್ಕೆ ಕರೆದಿದ್ದರು. ಲೋಟಗಳ ಮೊದಲನೇ ಪ್ರಯೋಗ. ಸೊಗಸಾಗಿ ನಡೆಯಿತು. ಮಾರನೇ ಬೆಳಗ್ಗೆ ಐಲ್ಯಾಂಡಿನಲ್ಲಿ ಸಂಪಿಗೆ ಎಲೆ ಬಿಟ್ಟರೆ ಏನಿಲ್ಲ. ತೊಳೆದ ಲೋಟಗಳನ್ನು ಜಗಲಿ ಮೇಲೆ ಹರಡಿಕೊಂಡಾಗ ಯಾರದು ಯಾವುದು ಅಂತ ಪ್ರಶ್ನೆ ಬಂತು. ಒಂದು ಸಲ ಎಲ್ಲರಿಗೂ ವಾಪಸ್ ಕೊಟ್ಟು ನಂಬಿಕೆ ಬರಿಸೋಣ ಅಂತ ಆಂಟಿಯ ಆಸೆ. ಅದಕ್ಕೇನು ಚಿಂತೆ, ಲೋಟದ ಮೇಲೇ ಹೆಸರು ಹೊಡೆಸಿದೆಯಲ್ಲ, ಹೆಸರು ನೋಡಿ ಅವರವರ ಮನೆಗೆ ಕೊಟ್ಟುಬಿಡಿ ಅಂದರು. ಹೆಸರು ಹೇಳಿದ ಕಡೆಗೆ ಲೈನು ಕೊಟ್ಟು ಅಭ್ಯಾಸ ಅವರಿಗೆ.

ಪಾತ್ರೆ ಅಂಗಡಿಯಲ್ಲಿ ಹೊಡೆಸುವ ಹೆಸರು ಉಡುಗೊರೆ ಕೊಟ್ಟವರದ್ದು, ತಗೊಂಡವರದ್ದಲ್ಲ. ಇಂಥ ಸಾದಾ ವಿಷಯ ಆ ಹೊತ್ತಿಗೆ ಒಬ್ಬರಿಗೂ ಹೊಳೆಯಲಿಲ್ಲ ಅಂದರೆ ನಂಬುತ್ತೀರಾ? ಮಧ್ಯಾಹ್ನದ ಹೊತ್ತಿಗೆ ಬೀದಿಯ ಉಡುಗೊರೆಗಳೆಲ್ಲ ಕೊಟ್ಟವರ ಮನೆಗೇ ಹಿಂದಿರುಗಿದ್ದವು. ಮೂಲೆಮನೆಯವರು ತಂಗಿಯ ಮಗಳ ಮದುವೆಗೆ ಕೊಟ್ಟಿದ್ದ ಲೋಟ, ಆ ತಂಗಿಗೆ ಪರಿಚಯವೇ ಇಲ್ಲದ ಯಾರದೋ ಅಟ್ಟದಿಂದ ಇಳಿದು ಮೂಲೆಮನೆ ಬಾಗಿಲಿಗೆ ಬಂತು. ನಮ್ಮ ತಂಗಿ ಯಾರಿಗೆ ದಾಟಿಸಿದಳು, ಅವರು ಯಾರಿಗೆ ದಾಟಿಸಿದರು ಅಂತ ಅವರು ಎರಡು ದಿನ ಫೋನಿನಲ್ಲಿ ಹುಡುಕಿದರು. ಒಂದು ಮನೆಯಲ್ಲಿ ಗಂಡ ಹೆಂಡತಿಗೇ ಜಗಳ. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. ಆಗ ನಾನು ಮೂರು ತಿಂಗಳ ಬಾಣಂತಿ, ಜೋರಾಗಿ ನಗಬೇಡ ಅಂತ ಅತ್ತೆ ಗದರಿಸಿದರು.

ಅಷ್ಟರಲ್ಲಿ ನಮ್ಮ ಬಾಗಿಲಿಗೂ ಅರ್ಧ ಡಜನ್ ಲೋಟ ಬಂದವು. ಅತ್ತೆ ಒಂದನ್ನು ಎತ್ತಿ, ಕನ್ನಡಕ ಹಾಕಿಕೊಂಡು ಓದಿದರು. ಅವರದ್ದೂ ಮಾವನವರದ್ದೂ ಹೆಸರು. ಕೆಳಗೆ ಪ್ರೀತಿಪೂರ್ವಕ ಉಡುಗೊರೆ ಅಂತ. ಆಂಟಿಯ ಗೃಹಪ್ರವೇಶಕ್ಕೆ, ಇಬ್ಬರೂ ಹೊಸ ಸೊಸೆಯರಾಗಿದ್ದ ಕಾಲದಲ್ಲಿ, ಅತ್ತೆ ತಮ್ಮ ಕೈಯಾರೆ ಆರಿಸಿ ಕೊಟ್ಟಿದ್ದ ಲೋಟಗಳು.

ಅತ್ತೆಯ ನಗು ನಿಂತುಹೋಯಿತು. ಎಲ್ಲರ ಮನೆಯಲ್ಲಿ ತಮಾಷೆಯಾದದ್ದು ಇಲ್ಲಿ ತಮಾಷೆಯಾಗಲಿಲ್ಲ. ಅಟ್ಟಕ್ಕೆ ಹಾಕಿದ್ದಳಾ ಇದನ್ನ, ಅಂದರು ಒಂದೇ ಮಾತು. ತಪ್ಪಾಗಿ ಬಂದಿರುತ್ತೆ ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಸಂಜೆ ಫೋನ್ ಬಂದಾಗ ರಿಸೀವರ್ ಎತ್ತಿ ಪಕ್ಕಕ್ಕೆ ಇಟ್ಟುಬಿಟ್ಟರು. ಆಮೇಲೆ ಅದು ಹಾಗೇ ಪಕ್ಕದಲ್ಲೇ ಬಿದ್ದಿತ್ತು. ಎದುರುಮನೆಯ ಕಡೆಯ ಕಿಟಕಿಯ ಪರದೆಯೂ ಇಳಿಯಿತು.

ಆಂಟಿ ಒಂದು ಸಲ ಗೇಟಿನವರೆಗೆ ಬಂದರು. ಅತ್ತೆ ತಲೆನೋವು ಅಂತ ಹೇಳಿಕಳಿಸಿದರು. ಆಂಟಿಗೂ ಬಿಂಕ ಕಡಿಮೆಯೇ? ಇಷ್ಟು ವರ್ಷದಲ್ಲಿ ನನ್ನ ಇಷ್ಟೇನಾ ಅವಳು ತಿಳಿದುಕೊಂಡಿದ್ದು ಅಂತ ಅವರೂ ಮುಖ ಊದಿಸಿಕೊಂಡರು. ಮೂವತ್ತೈದು ನಲವತ್ತು ವರ್ಷದ ಸ್ನೇಹ, ನಡುವೆ ಒಂದು ಸಣ್ಣ ರಸ್ತೆ, ಇಬ್ಬರೂ ಪರದೆ ಸರಿಸಿ ಸರಿಸಿ ನೋಡುವುದು. ನನಗಂತೂ ಅಳು ಬರುತ್ತಿತ್ತು.

ಶ್ರಾವಣದ ಕೊನೆಯ ವಾರ ನನ್ನ ಮಗಳ ನಾಮಕರಣ. ನನಗೆ ತಾಯಿಯಿಲ್ಲ, ಬಾಣಂತನವೆಲ್ಲ ಅತ್ತೆಯದೇ, ಸಮಾರಂಭವೂ ಇಲ್ಲೇ. ಬಸವೇಶ್ವರನಗರವಷ್ಟೇ ಅಲ್ಲ, ರಾಜಾಜಿನಗರ, ವಿಜಯನಗರದ ನಂಟರೆಲ್ಲ ಬರುವವರಿದ್ದರು. ಬೀದಿಯಲ್ಲಿ ಆ ತಿಂಗಳ ದೊಡ್ಡ ಕಾರ್ಯ ಅದೇ. ಅತ್ತೆ ಹಟ ಹಿಡಿದರು. ನನ್ನ ಮೊಮ್ಮಗಳ ನಾಮಕರಣಕ್ಕೆ ಊರವರ ಲೋಟ ಎರವಲು ತರಲ್ಲ, ಆ ಲೋಟಗಳ ಮುಖ ನೋಡೋಕೂ ನನಗೆ ಇಷ್ಟ ಇಲ್ಲ. ನೀರಿನ ಬಾಟಲಿಗೆ ಹೇಳಿದರು. ತಾಂಬೂಲದ ಕವರಿಗೂ ಹೇಳಿದರು, ಮಗುವಿನ ಹೆಸರು ಅಚ್ಚು ಹಾಕಿಸಿ. ಹೆಸರಿಡುವುದಕ್ಕೆ ಮೊದಲೇ ಹೆಸರು ಅಚ್ಚಾಗುತ್ತಲ್ಲ ಅಂತ ನಾನು ಮೆಲ್ಲಗೆ ಕೇಳಿದೆ. ಸಮಾರಂಭ ಮುಗಿದಮೇಲೆ ತಾನೇ ಕೊಡೋದು, ಅಲ್ಲೀವರೆಗೂ ಬೀರುವಿನಲ್ಲಿರುತ್ತೆ ಅಂದರು.

ಬೀದಿಯೆಲ್ಲ ಗುಸುಗುಸು. ಅಷ್ಟು ದೊಡ್ಡ ಊಟದ ಬಾಟಲಿ, ಕವರು ಎಲ್ಲಿಗೆ ಹೋಗುತ್ತವೆ ಅಂತ ಎಲ್ಲರಿಗೂ ಗೊತ್ತು. ಸಾಹೇಬರು ಬರುವ ದಿನ ಹತ್ತಿರದಲ್ಲಿತ್ತು. ಆಂಟಿ ಮಾತ್ರ ಸಂಜೆ ಹೊತ್ತು ಒಬ್ಬರೇ ಹೋಗಿ ಐಲ್ಯಾಂಡಿನ ಕಲ್ಲಿನ ಮೇಲೆ ಕೂತಿರುತ್ತಿದ್ದರು. ಮರಕ್ಕೆ ಬೆನ್ನು ಕೊಟ್ಟು, ನಮ್ಮ ಮನೆ ಕಡೆ ಮುಖ ಮಾಡಿ.

ನಾಮಕರಣಕ್ಕೆ ಇನ್ನು ನಾಲ್ಕೈದು ದಿನ ಇರುವಾಗ ಬೆಳಗ್ಗೆ ನನ್ನ ಮೊಬೈಲಿಗೆ ಕರೆ ಬಂತು. "ನಮಸ್ಕಾರ. ನಿಮ್ಮ ಅತ್ತೆಯವರಿಗೆ ಒಂದು ಅರ್ಜೆಂಟ್ ಕರೆ ಇದೆ. ಅವರು ತಗೊಳ್ಳದಿದ್ದರೆ ಸ್ಪೀಕರಿಗೆ ಹಾಕಿ." ಹಾಕಿದೆ. ಅತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದವರು ಕೇಳಿಸದ ಹಾಗೆ ತಲೆ ತಗ್ಗಿಸಿದರು.

"ನಿಮ್ಮ ಮನೆಯ ಒಂದು ವಸ್ತು ಐಲ್ಯಾಂಡಿನಲ್ಲಿದೆ. ಈಗ ಹಸುವಿನ ಬಾಯಲ್ಲಿದೆ. ಹೆಸರಿನ ಎರಡಕ್ಷರ ಆಗಲೇ ಒಳಗೆ ಹೋಗಿದೆ. ದಯವಿಟ್ಟು ಬೇಗ ಬನ್ನಿ."

ಆದದ್ದು ಇಷ್ಟು. ಅಚ್ಚಿನವನು ಸ್ಯಾಂಪಲ್ ಅಂತ ಒಂದು ಕವರ್ ಕಳಿಸಿದ್ದ. ಅದು ಅಡುಗೆಮನೆಯಲ್ಲಿ ಬಿದ್ದಿತ್ತು. ನಮ್ಮ ಮನೆಯವರು, ಎಂ.ಟೆಕ್ ಮಾಡಿದ ಮಹಾನುಭಾವರು, ಅದಕ್ಕೇ ಸೋರೆಕಾಯಿ ಸಿಪ್ಪೆ ತುಂಬಿ, ಸ್ಕೂಟರಿಗೆ ನೇತುಹಾಕಿಕೊಂಡು, ಐಲ್ಯಾಂಡ್ ಹತ್ತಿರ ಸ್ಲೋ ಮಾಡಿದ್ದರು.

ಅತ್ತೆ ಸೊಪ್ಪನ್ನು ಅಲ್ಲೇ ಬಿಟ್ಟು, ಚಪ್ಪಲಿಯೂ ಇಲ್ಲದೆ ಓಡಿದರು. ಮಗುವನ್ನು ಎತ್ತಿಕೊಂಡು ನಾನು ಗೇಟಿಗೆ ಬಂದೆ. ಆ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ಹಸುವಿನ ಬಾಯಿಂದ ಕವರಿನ ಅರ್ಧ ನೇತಾಡುತ್ತಿದೆ. ಆಂಟಿ ಒಂದು ಮೂಲೆ ಹಿಡಿದಿದ್ದಾರೆ, ಅತ್ತೆ ಇನ್ನೊಂದು ಮೂಲೆ ಹಿಡಿದು ಎಳೆಯುತ್ತಿದ್ದಾರೆ. ಹಸು ತನ್ನದೇನೂ ಅವಸರವಿಲ್ಲ ಅನ್ನುವಂತೆ ಅಗಿಯುತ್ತಿದೆ. ಎಳೆಯಬೇಡ್ವೇ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ ಅಂತ ಆಂಟಿ ಮನೆಯ ಗಂಟಲಲ್ಲಿ ಕೂಗಿದರು. ನನ್ನ ಕೈಯಲ್ಲಿ ಅಕ್ಕಿ ಬೆಲ್ಲ ತರಿಸಿ ಅದರ ಮೂಗಿಗೆ ಹಿಡಿದಮೇಲೆ, ಹಸು ಯೋಚಿಸಿ, ಕವರನ್ನು ಬಿಟ್ಟು ಬೆಲ್ಲಕ್ಕೆ ಬಾಯಿ ಹಾಕಿತು.

ಇಬ್ಬರೂ ಕಲ್ಲಿನ ಮೇಲೆ ಕುಸಿದು ಕೂತರು. ನಡುವೆ ಜೊಲ್ಲು ಸುರಿಯುವ ಕವರು. ಸ್ವಲ್ಪ ಹೊತ್ತು ಏದುಸಿರು ಬಿಟ್ಟಮೇಲೆ ಅತ್ತೆ ಬೇರೆ ಕಡೆ ನೋಡುತ್ತಾ, ಹೆಸರು ಓದಿದೆಯಾ ಅಂತ ಕೇಳಿದರು.

"ಓದಿದೆ. ಹೆಸರು ಚೆನ್ನಾಗಿದೆ. ಆದ್ರೆ ಕಿವಿಯಲ್ಲಿ ಹೆಸರು ಹೇಳೋ ಸೋದರತ್ತೆಗಿಂತ ಮುಂಚೆ ಹಸುವಿಗೆ ಗೊತ್ತಾಗೋಯ್ತಲ್ಲೇ."

ಅತ್ತೆ ತಡೆಯಲಾರದೆ ನಕ್ಕರು. ನಗುತ್ತಾ ನಗುತ್ತಾ ಅಳುವುದಕ್ಕೆ ಶುರು ಮಾಡಿದರು. ನಾನು ಕೊಟ್ಟಿದ್ದನ್ನ ಅಟ್ಟಕ್ಕೆ ಹಾಕಿದೆಯಲ್ಲೇ ಅಂತ ಕೊನೆಗೂ ಬಾಯಿ ಬಿಟ್ಟರು.

"ಅಟ್ಟದ್ದಲ್ಲ ಕಣೇ, ದಿನಾ ಕಾಫಿ ಕುಡಿಯೋ ಲೋಟ ಅವು. ಎಲ್ಲರೂ ಅಟ್ಟದ್ದು ಕೊಟ್ರು. ಕೇಳಿದೋಳು ನಾನು, ನಾನೂ ಅಟ್ಟದ್ದು ಕೊಟ್ರೆ ಚೆನ್ನಾಗಿರುತ್ತಾ ಅಂತ ಒಲೆ ಪಕ್ಕದ್ದು ಕೊಟ್ಟೆ. ಇಷ್ಟು ದಿನದಿಂದ ನನ್ನ ಸೊಸೆಯ ಗಾಜಿನ ಕಪ್ಪಲ್ಲಿ ಕುಡೀತಾ ಇದೀನಿ, ಕಾಫಿ ಕುಡಿದ ಹಾಗೇ ಆಗ್ತಾ ಇಲ್ಲ. ನನ್ನ ಲೋಟ ನನಗೆ ಕೊಡೇ."

ಅತ್ತೆ ಎದ್ದು ಮನೆಗೆ ಬಂದರು. ಅರ್ಧ ಡಜನ್ ಲೋಟವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮದ ಬಟ್ಟಲಿಟ್ಟುಕೊಂಡು ಎದುರುಮನೆಗೆ ಹೋದರು. ಎರಡನೇ ಸಲ ಉಡುಗೊರೆ ಕೊಟ್ಟು ಬಂದರು. ಬಂದವರೇ ಫೋನಿನ ರಿಸೀವರನ್ನು ಅದರ ಜಾಗಕ್ಕೆ ಇಟ್ಟರು.

ಕಸದ ಗುಡ್ಡೆಯಲ್ಲಿ ಬಿದ್ದು ಹಸು ಅಗಿದ ಹೆಸರನ್ನು ಕೂಸಿಗೆ ಇಡೋದುಂಟಾ ಅಂತ ಅತ್ತೆ ಆ ದಿನವೇ ತೀರ್ಮಾನ ಮಾಡಿದರು. ಹೆಸರು ಬದಲಾಯಿತು. ಅಚ್ಚಿನವನಿಗೆ ಬೇಡ ಅಂತ ಹೇಳಿದ್ದಾಯಿತು, ಬಾಟಲಿಯವನಿಗೂ ಹೇಳಿದ್ದಾಯಿತು. ನಾಲ್ಕು ದಿನ ಬೀದಿಯ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿ ಕೂತು ಹಳೇ ಸೀರೆ ಹರಿದರು. ನನ್ನ ಧಾರೆ ಸೀರೆಯೊಂದನ್ನು ಬಿಟ್ಟು ಯಾವುದೂ ಅವರ ಕೈಗೆ ಸಿಗದೆ ಉಳಿಯಲಿಲ್ಲ. ನಾಮಕರಣದ ದಿನ ಬೀದಿಯ ಲೋಟಗಳೆಲ್ಲ ನಮ್ಮ ಮನೆಗೆ ಬಂದವು. ಊಟಕ್ಕೆ ಕೂತವರೆಲ್ಲ ಮೊದಲು ಲೋಟ ತಿರುಗಿಸಿ ಹೆಸರು ಓದಿ, ಇದು ಯಾರು ಯಾರಿಗೆ ಕೊಟ್ಟಿದ್ದು ಅಂತ ಮಾತು ಶುರು ಹಚ್ಚಿಕೊಂಡರು. ಅಷ್ಟು ಗಲಗಲ ಊಟ ನಾನು ಬೇರೆಲ್ಲೂ ನೋಡಿಲ್ಲ. ಆಂಟಿ ಒಬ್ಬಟ್ಟಿಗೆ ಎರಡನೇ ಸಲ ತುಪ್ಪ ಹಾಕಿಸಿಕೊಂಡರು.

ಶ್ರಾವಣ ಮುಗಿದ ಮಾರನೇ ದಿನ ಸಾಹೇಬರು ಬಂದರು. ಐಲ್ಯಾಂಡನ್ನು ಸುತ್ತಿದರು, ಬಗ್ಗಿ ನೋಡಿದರು. ಶೆಡ್ ಮೂರನೇ ಬೀದಿಯ ಖಾಲಿ ಜಾಗಕ್ಕೆ ಹೋಗುತ್ತೆ, ಅಲ್ಲಿ ಮನೆಗಳಿಲ್ಲ ಅಂದರು. ಆಂಟಿ ಮತ್ತೆ ಮಜ್ಜಿಗೆ ಕೊಟ್ಟರು. ಕೆಲವು ತಿಂಗಳಾದಮೇಲೆ ಅವರೇ ಮರದ ಕೆಳಗೆ ಒಂದು ಕಲ್ಲುಬೆಂಚು ಹಾಕಿಸಿಕೊಟ್ಟರು. ಇಬ್ಬರು ಗೆಳತಿಯರೂ ಅಲ್ಲಿಗೆ ವಾಸ ಬದಲಾಯಿಸಿದರು ಅನ್ನಬಹುದು. ಎಳನೀರಿನವನು ಅಲ್ಲಿ ನಿಂತರೆ ಆಂಟಿ ಚೀಲದಿಂದ ಲೋಟ ತೆಗೆದು, ಇದಕ್ಕೆ ಹುಯ್ಯಪ್ಪ, ನಿನ್ನ ಪ್ಲಾಸ್ಟಿಕ್ ಕೊಳವೆ ನೀನೇ ಇಟ್ಕೋ ಅನ್ನುವರು. ನನ್ನ ಮಗಳಿಗೆ ಲೋಟದ ಮೇಲಿನ ಚುಕ್ಕಿ ಅಕ್ಷರ ತೋರಿಸಿ ತೋರಿಸಿ ಅವರೇ ಓದು ಕಲಿಸಿದ್ದು. ಶಾಲೆಗೆ ಸೇರುವ ಮೊದಲೇ ಅವಳು ಪ್ರೀತಿಪೂರ್ವಕ ಅಂತ ಓದುತ್ತಿದ್ದಳು.

ಎಲ್ಲರೂ ಬದಲಾದರು ಅಂತ ನಾನು ಹೇಳುವುದಿಲ್ಲ. ಮಾಗಡಿ ರಸ್ತೆ ಕಡೆಯಿಂದ ಬರುವ ಯಾರಾದರೂ ಆಮೇಲೂ ಒಮ್ಮೊಮ್ಮೆ ಸ್ಲೋ ಮಾಡುತ್ತಿದ್ದರು. ಬೆಂಚಿನ ಮೇಲೆ ಇಬ್ಬರು ಮುದುಕಿಯರು ಕೂತಿದ್ದು ಕಂಡರೆ ಹಾಗೇ ಹೊರಟುಹೋಗುತ್ತಿದ್ದರು. ನಮ್ಮ ಮನೆಯವರಂತೂ ಅಂದಿನಿಂದ ಕಸದ ಗಾಡಿಗೆ ಗೇಟಿನಲ್ಲಿ ಕಾದು ನಿಲ್ಲುತ್ತಾರೆ.

ಹೋದ ತಿಂಗಳು ಆಂಟಿ ಬೆಳಗಿನ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಕುರ್ಚಿಯಲ್ಲೇ ಒರಗಿದವರು ಏಳಲಿಲ್ಲ. ಒಳ್ಳೆಯ ಸಾವು, ಯಾರಿಗೂ ತೊಂದರೆ ಕೊಡಲಿಲ್ಲ ಅಂದರು ಎಲ್ಲರೂ. ಅತ್ತೆ ಅಳಲಿಲ್ಲ. ಆಂಟಿಯ ಜಡೆಗೆ ಸಂಪಿಗೆ ಸಿಕ್ಕಿಸಿ ಕಳಿಸಿಕೊಟ್ಟರು.

ವೈಕುಂಠ ಸಮಾರಾಧನೆಯ ಊಟ ಬೀದಿಯಲ್ಲೇ ಶಾಮಿಯಾನ ಹಾಕಿಸಿ, ಐಲ್ಯಾಂಡಿನ ಪಕ್ಕಕ್ಕೆ. ಆಂಟಿಯ ಮಗ ಪಾಪ ಓಡಾಟದಲ್ಲಿ ಅಡುಗೆ ಕಂಟ್ರಾಕ್ಟರಿಗೆ ಎಲ್ಲವನ್ನೂ ಒಪ್ಪಿಸಿಬಿಟ್ಟಿದ್ದರು, ಅವನು ಹೊಸಬ. ನಾವು ಹೋಗಿ ಕೂತಾಗ ಪ್ರತಿ ಎಲೆಯ ಪಕ್ಕದಲ್ಲೂ ಒಂದೊಂದು ಪುಟ್ಟ ಪ್ಲಾಸ್ಟಿಕ್ ಬಾಟಲಿ ನಿಂತಿತ್ತು. ಆಂಟಿಗೆ ಅಂತ ಬೇರೆಯಾಗಿ ಹಾಕಿದ ಎಲೆಯ ಪಕ್ಕದಲ್ಲೂ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಾವಿನ ಮನೆ, ಮಗ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಾರೆ, ಏನು ಹೇಳುವುದು. ಊಟವಾದಮೇಲೆ ಅವು ಎಲ್ಲಿಗೆ ಹೋಗುತ್ತವೆ ಅಂತ ಮಾತ್ರ ಎಲ್ಲರಿಗೂ ಗೊತ್ತಿತ್ತು. ಮರ ಅಲ್ಲೇ ಹತ್ತಡಿ ದೂರದಲ್ಲಿತ್ತು.

ಅತ್ತೆ ಎದ್ದರು. ಕಂಟ್ರಾಕ್ಟರ್ ಸಾರಿನ ಬಕೆಟ್ ಹಿಡಿದು ನಮ್ಮ ಸಾಲಿನ ತುದಿಯಲ್ಲೇ ನಿಂತಿದ್ದ. ಆಂಟಿಯ ಮಗನಿಂದ ಅವನ ನಂಬರು ಕೇಳಿ ತಮ್ಮ ಮೊಬೈಲಿನಲ್ಲಿ ಒತ್ತಿದರು. ಅವನ ಜೇಬಿನಲ್ಲಿ ರಿಂಗಾಯಿತು. ಬಕೆಟ್ ಕೆಳಗಿಟ್ಟು ಎತ್ತಿಕೊಂಡ. ಅತ್ತೆ ಗಂಟಲು ಸರಿಮಾಡಿಕೊಂಡರು. ನಮ್ಮ ಅತ್ತೆಯ ಬಾಯಲ್ಲಿ ಆ ದನಿ ನಾನು ಯಾವತ್ತೂ ಕೇಳಿರಲಿಲ್ಲ, ಆ ಬೀದಿಯಲ್ಲಿ ಅದನ್ನು ಗುರುತಿಸದವರೂ ಯಾರೂ ಇರಲಿಲ್ಲ.

"ನಮಸ್ಕಾರ. ನಿಮ್ಮ ಕೆಲವು ವಸ್ತುಗಳು ನಮ್ಮ ಎಲೆಗಳ ಪಕ್ಕದಲ್ಲಿವೆ. ದಯವಿಟ್ಟು ಬಂದು ತೆಗೆದುಕೊಂಡು ಹೋಗಿ."

ಮೊದಲು ನಕ್ಕದ್ದು ಆಂಟಿಯ ಮಗ. ಅಳುತ್ತಾ ಅಳುತ್ತಾ ನಕ್ಕರು. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಸಮಾರಾಧನೆಯ ಪಂಕ್ತಿಯಲ್ಲಿ ಹಾಗೆ ನಗಬಾರದು, ಆದರೂ ನಕ್ಕೆವು. ಕಂಟ್ರಾಕ್ಟರ್ ಕಕ್ಕಾಬಿಕ್ಕಿಯಾಗಿ ಬಾಟಲಿಗಳನ್ನು ಆರಿಸಿಕೊಂಡು ಮತ್ತೆ ತನ್ನ ಡಬ್ಬಕ್ಕೆ ತುಂಬಿದ. ನನ್ನ ಮಗಳು ಆಂಟಿಯ ಮನೆಯ ಮೆಟ್ಟಿಲ ಕೆಳಗಿನಿಂದ ಲೋಟಗಳನ್ನು ಹೊತ್ತು ತಂದು ಎಲೆ ಎಲೆಗೂ ಇಟ್ಟಳು. ಆಂಟಿಯ ಎಲೆಗೆ ಅತ್ತೆ ಒಲೆ ಪಕ್ಕದ ಅರ್ಧ ಡಜನ್ನಿನಲ್ಲಿ ಒಂದನ್ನು ತಂದು, ಅದರಲ್ಲಿ ಕಾಫಿ ಹಾಕಿ ಇಟ್ಟರು, ತಮ್ಮ ಹೆಸರು ಆಂಟಿಯ ಕಡೆಗೆ ಬರುವ ಹಾಗೆ.

ಊಟ ಮುಗಿದು, ಶಾಮಿಯಾನ ಬಿಚ್ಚಿ, ಎಲ್ಲರೂ ಹೋದಮೇಲೆ ಅತ್ತೆ, ನಾನು ಬೆಂಚಿನ ಮೇಲೆ ಹೋಗಿ ಕೂತೆವು. ಐಲ್ಯಾಂಡಿನಲ್ಲಿ ಒಂದಿಷ್ಟು ಸಂಪಿಗೆ ಹೂವು ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ.